ತಂಬಾಕಿನ ಸೀಮೆಯಲ್ಲಿ ಧೂಮಪಾನ ಬಿಡುವುದು: ಅಳತೆಯ ತೊಡಕುಗಳು

ಧೂಮಪಾನ ಬಿಟ್ಟವರನ್ನು ಎಣಿಸುವ ಅಧ್ಯಯನಗಳು ಒಂದು ಮಾತನ್ನು ಚರ್ಚೆಯಿಲ್ಲದೆ ಒಪ್ಪಿಕೊಂಡಿರುತ್ತವೆ. ಬೀಡಿ, ಸಿಗರೇಟು ಕೈಬಿಟ್ಟವನ ಮೈಗೆ ನಿಕೋಟಿನ್ ಸೇರುವ ದಾರಿ ಮುಚ್ಚಿತು ಎಂಬುದೇ ಆ ಮಾತು. ಬೆಂಗಳೂರಿನ ಗುಮಾಸ್ತನ ಮಟ್ಟಿಗೆ ಇದು ಸರಿಯಿದ್ದೀತು. ಬೆಳಗಾವಿ ಜಿಲ್ಲೆಯ ನಿಪ್ಪಾಣಿಯ ವಖಾರದಲ್ಲಿ, ಅಂದರೆ ಗೋದಾಮಿನಲ್ಲಿ, ತಂಬಾಕು ಕುಟ್ಟಿ, ಜರಡಿ ಹಿಡಿದು, ಚೀಲ ತುಂಬುವವರ ಮಟ್ಟಿಗೆ ಸರಿಯಲ್ಲ. ಚಿಕ್ಕೋಡಿಯ ಎರೆಹೊಲದಲ್ಲಿ ತಂಬಾಕಿನ ಕುಡಿ ಚಿವುಟುವವರ ಮಟ್ಟಿಗೂ ಅಲ್ಲ. ಈ ಸೀಮೆಯಲ್ಲಿ 'ಬಿಟ್ಟವರು' ಯಾರೆಂದು ತೀರ್ಮಾನಿಸಲು ಬೇರೆ ಅಳತೆ ಬೇಕು ಎಂಬುದು ಈ ಲೇಖನದ ವಾದ.

ಪಿರಿಯಾಪಟ್ಟಣ, ಹುಣಸೂರುಗಳ ಸಿಗರೇಟು ತಂಬಾಕು ಬ್ಯಾರನ್ ಎಂಬ ಒಣಗಿಸುವ ಮನೆಯಲ್ಲಿ ಹದಗೊಂಡು ತಂಬಾಕು ಮಂಡಳಿಯ ಹರಾಜಿಗೆ ಬರುತ್ತದೆ. ನಿಪ್ಪಾಣಿಯದು ಬೀಡಿ ತಂಬಾಕು. ಅದು ಬಿಸಿಲಲ್ಲೇ ಒಣಗಿ ವ್ಯಾಪಾರಿಯ ವಖಾರ ಸೇರುತ್ತದೆ; ದರ ಹೇಳುವವನೂ ಅವನೇ. ಬೆಲೆಯ ಈ ಅಭದ್ರತೆಯಿಂದಲೇ 1981ರಲ್ಲಿ ರೈತನಾಯಕ ಶರದ್ ಜೋಶಿಯವರ ನೇತೃತ್ವದಲ್ಲಿ ರೈತರು ಹೆದ್ದಾರಿಯಲ್ಲಿ ಕುಳಿತರು. ಏಪ್ರಿಲ್ 6ರ ಗೋಲಿಬಾರಿನಲ್ಲಿ 12 ಜನ ಸತ್ತರು. ಅದೇ ಕಾಲಕ್ಕೆ ವಖಾರದ ಹೆಣ್ಣುಮಕ್ಕಳು ಕಾರ್ಮಿಕ ಸಂಘಟಕ ಸುಭಾಷ್ ಜೋಶಿಯವರ ಜೊತೆ ಸಂಘ ಕಟ್ಟಿದ್ದರು. ಯುಗಾಂತರ್ ಎಂಬ ಮಹಿಳಾ ಚಿತ್ರತಂಡದ 1982ರ ಸಾಕ್ಷ್ಯಚಿತ್ರ, ಛಾಯಾ ದಾತಾರ್ ಅವರ 1989ರ ಪುಸ್ತಕ ಎರಡೂ ಆ ಹೋರಾಟವನ್ನು ದಾಖಲಿಸಿವೆ. ಈ ಊರಿನ ನೆನಪಿನಲ್ಲಿ ತಂಬಾಕು ಎಂದರೆ ಮೊದಲು ದರ, ಆಮೇಲೆ ಕೂಲಿ; ಚಟದ ಮಾತು ಅದರ ನಂತರದ್ದು. 'ತಂಬಾಕು ಬಿಡಿ' ಎಂಬ ಭಿತ್ತಿಪತ್ರ ಇಲ್ಲಿ ಅರ್ಧ ಅಪಾರ್ಥಕ್ಕೆ ಗುರಿಯಾದರೆ ಅಚ್ಚರಿಯಿಲ್ಲ.

ಅಳತೆಗೆ ಬರೋಣ. 2005ರಲ್ಲಿ ರೂಪುಗೊಂಡ 'ರಸೆಲ್ ಮಾನದಂಡ'ದ ಪ್ರಕಾರ, ಬಿಟ್ಟು 6 ತಿಂಗಳಾದವನು ಆ ಅವಧಿಯಲ್ಲಿ 5ಕ್ಕಿಂತ ಹೆಚ್ಚು ಸಿಗರೇಟು ಸೇದಿರಬಾರದು; ಬರೀ ಅವನ ಮಾತು ಸಾಲದು, ದೇಹದ ಪರೀಕ್ಷೆಯೂ ಅದನ್ನು ಪುಷ್ಟೀಕರಿಸಬೇಕು. ಪರೀಕ್ಷೆಗಳಲ್ಲಿ ಹೆಚ್ಚು ಬಳಕೆಯಲ್ಲಿರುವವು ಎರಡು. ನಿಕೋಟಿನ್ ಮೈಯಲ್ಲಿ ಒಡೆದು ಉಂಟಾಗುವ ಕೋಟಿನಿನ್ ಅನ್ನು ಮೂತ್ರ ಅಥವಾ ಜೊಲ್ಲಿನಲ್ಲಿ ಹುಡುಕುವುದು ಒಂದು. ಆದರೆ ಹಸಿ ಎಲೆ ಮುಟ್ಟಿದ ಕೈಯ ಚರ್ಮದಿಂದಲೂ, ವಖಾರದ ಧೂಳಿನಿಂದಲೂ ನಿಕೋಟಿನ್ ಒಳಗೆ ಇಳಿಯುತ್ತದೆ. ಗುಜರಾತಿನ ತಂಬಾಕು ಕೂಲಿಗಳಲ್ಲಿ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಇದನ್ನು 1970ರ ದಶಕದಲ್ಲೇ ಗುರುತಿಸಿದ್ದರು. ಹೀಗಾಗಿ ಒಂದು ಬೀಡಿಯನ್ನೂ ಹಚ್ಚದ ಹೆಣ್ಣುಮಗಳು ಈ ಪರೀಕ್ಷೆಯಲ್ಲಿ ಸುಳ್ಳುಗಾರ್ತಿಯಾಗಿ ಕಂಡಾಳು. ಉಸಿರಿನಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಅಳೆಯುವುದು ಎರಡನೆಯದು. ಕಟ್ಟಿಗೆ, ತೊಗರಿಕಟ್ಟಿಗೆಯ ಒಲೆಯ ಮುಂದೆ ಕೂತು ಬಂದವರಲ್ಲಿ ಅದೂ ಏರಿರುತ್ತದೆ. ಪರೀಕ್ಷೆಯ ಮುಂಚೆ ಒಲೆಯ ವಿಚಾರ ಕೇಳುವುದು ಸಣ್ಣ ಕೆಲಸ, ಆದರೆ ಪ್ರಶ್ನಾವಳಿ ಬರೆಯುವವರಿಗೆ ಅದು ಹೊಳೆಯಬೇಕಲ್ಲ.

ಇನ್ನೊಂದು ತೊಡಕು ಬದಲಿ ಚಟದ್ದು. 2016–17ರ ವಯಸ್ಕರ ತಂಬಾಕು ಸಮೀಕ್ಷೆಯಂತೆ ಕರ್ನಾಟಕದಲ್ಲಿ ತಂಬಾಕು ಬಳಸುವ ವಯಸ್ಕರು ಶೇ. 22.8, ಸೇದುವವರು ಶೇ. 8.8, ಹೊಗೆರಹಿತ ತಂಬಾಕಿನವರು ಶೇ. 16.3. ಮಹಾರಾಷ್ಟ್ರ ಗಡಿಯ ಈ ಭಾಗದಲ್ಲಿ ಬೀಡಿ ಬಿಟ್ಟವನಿಗೆ ಅಡಿಕೆ-ತಂಬಾಕು ಬೆರೆಸಿದ ಮಾವಾ, ಸುಣ್ಣ ತಿಕ್ಕಿದ ತಂಬಾಕು ಕೈಯಳತೆಯಲ್ಲೇ ಇವೆ. ಹೆಂಗಸರಿಗೆ ಹಲ್ಲುಜ್ಜುವ ಮಿಸರಿ, ಅಂದರೆ ಹುರಿದ ತಂಬಾಕಿನ ಪುಡಿ, ಇದೆ. 2013ರ ಗುಟ್ಖಾ ನಿಷೇಧವೂ ಈ ದಾರಿಯನ್ನು ಮುಚ್ಚಲಿಲ್ಲ. 'ಸಿಗರೇಟು ಬಿಟ್ಟೆ' ಎಂಬುದು ನಿಜವೇ ಇರಬಹುದು, ಆದರೆ ಬಾಯಿಯ ಕ್ಯಾನ್ಸರಿನ ಲೆಕ್ಕದಲ್ಲಿ ಅದಕ್ಕೆ ಹೆಚ್ಚು ಬೆಲೆಯಿಲ್ಲ.

ಅಥಣಿ, ರಾಯಬಾಗ, ಕಾಗವಾಡಗಳದು ಬೇರೆಯೇ ಕಥೆ. ಅಲ್ಲಿ ಕೃಷ್ಣೆಯ ನೀರು, ಕಬ್ಬು, ಕಾರ್ಖಾನೆ. ತಂಬಾಕು ಅಲ್ಲಿ ಅಂಗಡಿಯಿಂದ ಕೊಂಡು ತರುವ ವಸ್ತು. ಆದ್ದರಿಂದ ಕಾನೂನಿಗೆ ಅಲ್ಲಿ ಸ್ವಲ್ಪ ಹಿಡಿತವಿದೆ. ಕರ್ನಾಟಕ 2017ರಲ್ಲಿ ಬಿಡಿ ಸಿಗರೇಟು ಮಾರಾಟ ನಿಷೇಧಿಸಿತು. ತಂಬಾಕು ನಿಯಂತ್ರಣ ಕಾಯ್ದೆಗೆ 2024ರಲ್ಲಿ ಅಂಗೀಕಾರವಾದ ತಿದ್ದುಪಡಿ ಖರೀದಿಯ ವಯಸ್ಸನ್ನು 21ಕ್ಕೆ, ಸಾರ್ವಜನಿಕ ಧೂಮಪಾನದ ದಂಡವನ್ನು 200ರಿಂದ 1000 ರೂಪಾಯಿಗೆ ಏರಿಸಿತು. ಆದರೆ ಕಾಗವಾಡದಿಂದ ಮಹಾರಾಷ್ಟ್ರದ ಮಿರಜ ಕೂಗಳತೆಯಲ್ಲಿದೆ. ಗಡಿಯಾಚೆಯ ಅಂಗಡಿಗೆ ಈ ತಿದ್ದುಪಡಿ ಅನ್ವಯಿಸುವುದಿಲ್ಲ. ಬೆಲೆಯ ವಿಷಯದಲ್ಲೂ ಇಂಥದೇ ಸಂದು ಉಳಿದಿದೆ. 2025ರ ಸೆಪ್ಟೆಂಬರಿನಲ್ಲಿ ಜಿಎಸ್‌ಟಿ ಮಂಡಳಿ ಸಿಗರೇಟಿಗೆ ಶೇ. 40 ಎಂದು ನಿರ್ಧರಿಸಿ, ಬೀಡಿಯ ತೆರಿಗೆಯನ್ನು ಶೇ. 28ರಿಂದ 18ಕ್ಕೆ ಇಳಿಸಿತು. ಬೀಡಿ ಕಟ್ಟುವವರ ಹೊಟ್ಟೆಪಾಡಿನ ಹೆಸರಿನಲ್ಲಿ ಬೀಡಿ ಸೇದುವ ಬಡವನಿಗೆ ಸಿಕ್ಕ ಈ ರಿಯಾಯಿತಿ ನನಗಂತೂ ವಿಚಿತ್ರವಾಗಿ ತೋರುತ್ತದೆ.

ನೆರವು ಇಲ್ಲವೆಂದಲ್ಲ. 2018ರಿಂದ ಪೊಟ್ಟಣಗಳ ಮೇಲೆಯೇ 1800-11-2356 ಎಂಬ ಉಚಿತ ಸಹಾಯವಾಣಿ ಸಂಖ್ಯೆ ಅಚ್ಚಾಗುತ್ತಿದೆ. ಆ ಸೇವೆಯ ಕೇಂದ್ರಗಳಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಒಂದು. ನೆರವಿಲ್ಲದೆ ಬಿಟ್ಟವರಲ್ಲಿ 6ರಿಂದ 12 ತಿಂಗಳಾದರೂ ಬಿಟ್ಟೇ ಇರುವವರು ನೂರಕ್ಕೆ 3ರಿಂದ 5 ಮಾತ್ರ; ಮತ್ತೆ ಹಚ್ಚುವವರಲ್ಲಿ ಬಹುಪಾಲು ಮೊದಲ 8 ದಿನಗಳಲ್ಲೇ ಸೋಲುತ್ತಾರೆ. ಆ ವಾರ ದಾಟಿದ ಮೇಲೂ ವಾಸನೆ, ಗೆಳೆಯರು, ಚಹಾದಂಗಡಿ ಆಸೆಯನ್ನು ಕೆರಳಿಸುತ್ತವೆ. ಹೊಸ ಮಾಲು ವಖಾರಕ್ಕೆ ಬಂದಾಗ ನಿಪ್ಪಾಣಿಯ ಓಣಿಗಳಲ್ಲೆಲ್ಲ ಅದೇ ಘಾಟು.

ಇಲ್ಲಿ ತಿಂಗಳ ಲೆಕ್ಕಕ್ಕಿಂತ ಬೆಳೆಯ ಲೆಕ್ಕ ಮುಖ್ಯ. ಬೇಸಿಗೆಯ ನಡುವೆ ಬಿಟ್ಟವನನ್ನು ದೀಪಾವಳಿಯ ಹೊತ್ತಿಗೆ ಪರೀಕ್ಷಿಸಿದರೆ 6 ತಿಂಗಳ ನಿಯಮ ಪೂರೈಸುತ್ತದೆ. ಆದರೆ ಅವನಿನ್ನೂ ಒಂದು ಸುಗ್ಗಿಯನ್ನೂ ದಾಟಿರುವುದಿಲ್ಲ. ಚಿಕ್ಕೋಡಿ, ನಿಪ್ಪಾಣಿ ತಾಲೂಕುಗಳ ಮಟ್ಟಿಗೆ ಪರೀಕ್ಷೆಯ ಅವಧಿ ನಾಟಿಯಿಂದ ಸುಗ್ಗಿ, ಸುಗ್ಗಿಯಿಂದ ವಖಾರದವರೆಗೆ ಪೂರ್ತಿ 12 ತಿಂಗಳಿರಬೇಕು, ಜೊತೆಗೆ ಆ ವರ್ಷ ಅವನು ಯಾವ ಕೂಲಿಗೆ ಹೋದ ಎಂಬುದೂ ದಾಖಲಾಗಬೇಕು.