ವಯಸ್ಕರಲ್ಲಿ ಬೆಳವಣಿಗೆ ಹಾರ್ಮೋನು ಚಿಕಿತ್ಸೆ: ಇತಿಹಾಸ

ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಸ್ರವಿಸುವ ಬೆಳವಣಿಗೆ ಹಾರ್ಮೋನು, ಎತ್ತರ ಹೆಚ್ಚುವುದು ನಿಂತ ಮೇಲೂ ಸ್ನಾಯು, ಕೊಬ್ಬು ಮತ್ತು ಮೂಳೆಗಳ ಚಯಾಪಚಯವನ್ನು ನಿಯಂತ್ರಿಸುತ್ತಲೇ ಇರುತ್ತದೆ. ಗ್ರಂಥಿಯ ಗೆಡ್ಡೆಯಿಂದಲೋ ಅದಕ್ಕೆ ಮಾಡಿದ ಶಸ್ತ್ರಕ್ರಿಯೆ, ವಿಕಿರಣ ಚಿಕಿತ್ಸೆಗಳಿಂದಲೋ ಇದರ ಕೊರತೆ ಉಂಟಾಗಬಹುದು. ಹೆರಿಗೆಯ ವೇಳೆ ವಿಪರೀತ ರಕ್ತಸ್ರಾವವಾಗಿ ಗ್ರಂಥಿ ನಶಿಸುವ ಶೀಹನ್ ಲಕ್ಷಣಕೂಟ ಮತ್ತು ಕೊಳಕುಮಂಡಲ ಹಾವಿನ ಕಡಿತ ಭಾರತದಲ್ಲಿ ಗಮನಿಸಬೇಕಾದ ಇತರ ಕಾರಣಗಳು. ಹೀಗೆ ಕೊರತೆಯಾದುದನ್ನು ತುಂಬಿಕೊಡುವ ಚಿಕಿತ್ಸೆಯನ್ನೂ ಆರೋಗ್ಯವಂತರು ಮುಪ್ಪು ತಡೆಯಲೆಂದು ಅದೇ ಔಷಧವನ್ನು ಬಳಸುವುದನ್ನೂ ಜನಪ್ರಿಯ ಬರಹಗಳು ಒಂದೇ ಇತಿಹಾಸವೆಂಬಂತೆ ಬೆರೆಸಿವೆ. ಎರಡಕ್ಕೂ ಇರುವ ಆಧಾರಗಳು ಬೇರೆ ಬೇರೆ.

ಆರಂಭ: ಮಾನವ ಬೆಳವಣಿಗೆ ಹಾರ್ಮೋನನ್ನು 1956ರಲ್ಲಿ ಬೇರ್ಪಡಿಸಲಾಯಿತು. ಬಾಸ್ಟನ್ನಿನ ಮಾರಿಸ್ ರೇಬನ್ 1958ರಲ್ಲಿ ಹದಿಹರೆಯದ ಹುಡುಗನೊಬ್ಬನಿಗೆ ಅದನ್ನು ನೀಡಿ ಎತ್ತರ ಹೆಚ್ಚಿದ್ದನ್ನು ವರದಿ ಮಾಡಿದರು. ವಯಸ್ಕರ ಚಿಕಿತ್ಸೆಯ ಮಟ್ಟಿಗೆ ಅವರ 1962ರ ಟಿಪ್ಪಣಿ ಹೆಚ್ಚು ಮುಖ್ಯವಾದದ್ದು: ಪಿಟ್ಯುಟರಿ ಕೊರತೆಯಿದ್ದ 35 ವರ್ಷದ ಮಹಿಳೆಯೊಬ್ಬರು ಎರಡು ತಿಂಗಳ ಚಿಕಿತ್ಸೆಯ ಬಳಿಕ ಹೆಚ್ಚಿನ ಚೈತನ್ಯವನ್ನೂ ಹುರುಪನ್ನೂ ಅನುಭವಿಸಿದರೆಂದು ಅದು ದಾಖಲಿಸಿತು. ಆದರೆ ಹಾರ್ಮೋನನ್ನು ಶವಗಳ ಪಿಟ್ಯುಟರಿಯಿಂದ ತೆಗೆಯಬೇಕಾಗಿದ್ದುದರಿಂದ ಲಭ್ಯ ಅಲ್ಪ ಪ್ರಮಾಣವೆಲ್ಲ ಮಕ್ಕಳಿಗೇ ಮೀಸಲಾಯಿತು. ಅದನ್ನು ಪಡೆದವರಲ್ಲಿ ಮಾರಕ ಮಿದುಳು ರೋಗವಾದ ಕ್ರಾಯ್ಟ್ಸ್‌ಫೆಲ್ಟ್-ಜೇಕಬ್ ಕಾಣಿಸಿಕೊಂಡಾಗ 1985ರಲ್ಲಿ ಅಮೆರಿಕದಲ್ಲಿ ಅದರ ವಿತರಣೆ ನಿಂತಿತು. ಅದೇ ವರ್ಷ ಜೀನ್ ತಂತ್ರಜ್ಞಾನದಿಂದ ತಯಾರಾದ ಹಾರ್ಮೋನಿಗೆ ಅಲ್ಲಿ ಅನುಮತಿ ದೊರೆತು, ಪೂರೈಕೆಯ ಮಿತಿ ನೀಗಿತು.

ತೂಕದ ಲೆಕ್ಕದಿಂದ ವ್ಯಕ್ತಿಗತ ಪ್ರಮಾಣಕ್ಕೆ: 1989ರಲ್ಲಿ ಲಂಡನ್ನಿನ ಮತ್ತು ಡೆನ್ಮಾರ್ಕಿನ ತಂಡಗಳು ವಯಸ್ಕರ ಮೇಲಿನ ನಿಯಂತ್ರಿತ ಪ್ರಯೋಗಗಳನ್ನು ಪ್ರಕಟಿಸಿದವು. ಲಂಡನ್ ಪ್ರಯೋಗದಲ್ಲಿ ಆರು ತಿಂಗಳಲ್ಲಿ ಕೊಬ್ಬುರಹಿತ ದೇಹತೂಕ 5.5 ಕಿಲೋ ಹೆಚ್ಚಿ, ಕೊಬ್ಬು 5.7 ಕಿಲೋ ಇಳಿಯಿತು. ಮಕ್ಕಳ ಚಿಕಿತ್ಸೆಯಿಂದ ಬಂದ ರೂಢಿಯಂತೆ ಅಲ್ಲಿ ಪ್ರಮಾಣವನ್ನು ತೂಕಕ್ಕೆ ತಕ್ಕಂತೆ, ದಿನಕ್ಕೆ ಕಿಲೋಗೆ 0.07 ಯೂನಿಟ್‌ನಂತೆ ನಿಗದಿಪಡಿಸಲಾಗಿತ್ತು. 70 ಕಿಲೋ ತೂಗುವವರಿಗೆ ಇದು ಸುಮಾರು 5 ಯೂನಿಟ್. ಇಂಥ ಪ್ರಮಾಣಗಳಲ್ಲಿ ಕಾಲುಬಾವು, ಕೀಲುನೋವು, ಮಣಿಕಟ್ಟಿನ ನರ ಒತ್ತಿಹೋಗಿ ಕೈ ಜೋಮುಗಟ್ಟುವುದು ಸಾಮಾನ್ಯವೆಂಬುದು ಮುಂದೆ ಗೊತ್ತಾಯಿತು.

ತೂಕದ ಲೆಕ್ಕದ ದೋಷ ಶರೀರಕ್ರಿಯೆಯಲ್ಲೇ ಇದೆ. ಬೊಜ್ಜಿನವರ ದೇಹ ಸಹಜವಾಗಿ ಈ ಹಾರ್ಮೋನನ್ನು ಕಡಿಮೆ ಸ್ರವಿಸುತ್ತದೆ. ಆದರೆ ತೂಕದ ಸೂತ್ರ ಅವರಿಗೇ ಹೆಚ್ಚು ಔಷಧವನ್ನು ಕೊಡಿಸುತ್ತದೆ. ವಯಸ್ಸಾದಂತೆ ಅಗತ್ಯವೂ ತಗ್ಗುತ್ತದೆ. ಬಾಯಿಯ ಮೂಲಕ ಈಸ್ಟ್ರೊಜೆನ್ ಸೇವಿಸುವ ಮಹಿಳೆಯರಲ್ಲಾದರೋ, ಹಾರ್ಮೋನಿನ ಪ್ರೇರಣೆಗೆ ಯಕೃತ್ತು ತಯಾರಿಸುವ ಐಜಿಎಫ್-1 ಎಂಬ ಮಧ್ಯವರ್ತಿ ಪ್ರೋಟೀನು ಕುಗ್ಗುವುದರಿಂದ ಹೆಚ್ಚು ಪ್ರಮಾಣ ಬೇಕಾಗುತ್ತದೆ. 1997ರಲ್ಲಿ ಆಸ್ಟ್ರೇಲಿಯದ ಪೋರ್ಟ್ ಸ್ಟೀಫನ್ಸ್‌ನಲ್ಲಿ ಸೇರಿದ ತಜ್ಞರು ತೂಕದ ಲೆಕ್ಕವನ್ನು ಬಿಟ್ಟು, ದಿನಕ್ಕೆ 0.15ರಿಂದ 0.30 ಮಿಲಿಗ್ರಾಂ, ಎಂದರೆ ಸುಮಾರು 0.45ರಿಂದ 0.90 ಯೂನಿಟ್‌ನಿಂದ ಆರಂಭಿಸಿ, ರಕ್ತದ ಐಜಿಎಫ್-1 ಮಟ್ಟವನ್ನೂ ರೋಗಿಯ ಸ್ಥಿತಿಯನ್ನೂ ನೋಡಿ ನಿಧಾನವಾಗಿ ಏರಿಸಬೇಕೆಂದು ಸೂಚಿಸಿದರು. ಈ ಚಿಕಿತ್ಸೆಯ ಇತಿಹಾಸದಲ್ಲಿ ನಿಜವಾದ ತಿರುವು ಇದೇ.

ಯಾರಿಗೆ ಚಿಕಿತ್ಸೆ: ಹಾರ್ಮೋನು ದಿನವಿಡೀ ಬಿಟ್ಟುಬಿಟ್ಟು ಸ್ರವಿಸುವುದರಿಂದ ಒಂದು ಸಲದ ರಕ್ತಪರೀಕ್ಷೆ ಕೊರತೆಯನ್ನು ತೋರಿಸದು. ಆದ್ದರಿಂದ ಇನ್ಸುಲಿನ್ ಚುಚ್ಚಿ, ರೋಗಿ ಬೆವರುವಷ್ಟು ಸಕ್ಕರೆ ಇಳಿಸಿ, ಆ ಒತ್ತಡಕ್ಕೆ ಗ್ರಂಥಿ ಎಷ್ಟು ಸ್ಪಂದಿಸುತ್ತದೆಂದು ಸರಣಿ ಮಾದರಿಗಳಲ್ಲಿ ಅಳೆಯುವ ಪರೀಕ್ಷೆ ಪ್ರಮಾಣವಾಯಿತು. ಗರಿಷ್ಠ ಮಟ್ಟ ಲೀಟರಿಗೆ 3 ಮೈಕ್ರೊಗ್ರಾಂಗಿಂತ ಕಡಿಮೆಯಿದ್ದರೆ ಅದು ತೀವ್ರ ಕೊರತೆ. ಅಪಸ್ಮಾರ ಅಥವಾ ಹೃದ್ರೋಗ ಇರುವವರಿಗೆ ಇದು ಸಲ್ಲದ ಕಾರಣ ಗ್ಲುಕಗಾನ್ ಪರೀಕ್ಷೆಯೂ, 2017ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ, ಬಾಯಿಯ ಮೂಲಕ ನೀಡುವ ಮ್ಯಾಸಿಮೊರೆಲಿನ್ ಕೂಡ ಬಳಕೆಗೆ ಬಂದವು. ಅಮೆರಿಕದಲ್ಲಿ ವಯಸ್ಕರ ಹಾರ್ಮೋನು ಚಿಕಿತ್ಸೆಗೆ 1996ರಲ್ಲಿ ದೊರೆತ ಅನುಮತಿ ಜೀವರಾಸಾಯನಿಕ ಕೊರತೆಯನ್ನು ಆಧರಿಸಿತ್ತು. ಬ್ರಿಟನ್ನಿನ ನೈಸ್ ಸಂಸ್ಥೆಯಾದರೋ 2003ರಲ್ಲಿ ಕೊರತೆಯ ಜೊತೆಗೆ ಜೀವನ ಗುಣಮಟ್ಟದ ಪ್ರಶ್ನಾವಳಿಯಲ್ಲಿ ಕನಿಷ್ಠ 11 ಅಂಕವನ್ನೂ, ಒಂಬತ್ತು ತಿಂಗಳ ಬಳಿಕ ಅದರಲ್ಲಿ 7 ಅಂಕಗಳ ಸುಧಾರಣೆಯನ್ನೂ ಕೇಳಿತು. ಪ್ರಯೋಗಾಲಯದ ಅಂಕಿ ಸಾಕೇ, ರೋಗಿಯ ಅನುಭವವೂ ಸಾಕ್ಷಿಯೇ ಎಂಬ ಭೇದ ಇಲ್ಲಿ ಸ್ಪಷ್ಟವಾಯಿತು.

ಮುಪ್ಪು ತಡೆಯುವ ವಾದ: ಡೇನಿಯಲ್ ರಡ್ಮನ್ 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 61ರಿಂದ 81 ವರ್ಷದ 21 ಪುರುಷರಿದ್ದು, 12 ಮಂದಿಗೆ ಆರು ತಿಂಗಳು ಹಾರ್ಮೋನು ನೀಡಲಾಗಿತ್ತು. ಕೊಬ್ಬುರಹಿತ ದೇಹತೂಕ ಶೇ. 8.8 ಹೆಚ್ಚಿದ್ದನ್ನೇ ಮುಂದಿಟ್ಟು ಮಾರಾಟಗಾರರು ಯೌವನ ಮರಳುವ ಭರವಸೆ ಕಟ್ಟಿದರು. ಆರೋಗ್ಯವಂತ ವೃದ್ಧರ ಕುರಿತ ಪ್ರಯೋಗಗಳನ್ನು ಕ್ರೋಡೀಕರಿಸಿದ 2007ರ ವಿಮರ್ಶೆ, ದೇಹರಚನೆಯಲ್ಲಿ ಅಲ್ಪ ಬದಲಾವಣೆಯನ್ನೂ ಅಡ್ಡಪರಿಣಾಮಗಳ ಹೆಚ್ಚಳವನ್ನೂ ಕಂಡು, ಈ ಬಳಕೆಯನ್ನು ಶಿಫಾರಸು ಮಾಡಲಾಗದೆಂದಿತು. ಅಮೆರಿಕದ ಕಾನೂನು ಇಂಥ ವಿತರಣೆಯನ್ನು ಅಪರಾಧವೆಂದು ಪರಿಗಣಿಸುತ್ತದೆ.

ವಾರಕ್ಕೊಮ್ಮೆಯ ಚುಚ್ಚುಮದ್ದು: ರಕ್ತದ ಆಲ್ಬುಮಿನ್‌ಗೆ ಅಂಟಿಕೊಂಡು ಹೆಚ್ಚು ಕಾಲ ಉಳಿಯುವ ಸೋಮಪಾಸಿಟಾನ್‌ಗೆ 2020ರಲ್ಲಿ ಅಮೆರಿಕದಲ್ಲಿ ವಯಸ್ಕರಿಗಾಗಿ ಅನುಮತಿ ದೊರೆತು, ದಿನನಿತ್ಯದ ಚುಚ್ಚುಮದ್ದಿಗೆ ಪರ್ಯಾಯ ಬಂದಿತು. ಅದರ ಆರಂಭಿಕ ಪ್ರಮಾಣ ವಾರಕ್ಕೆ 1.5 ಮಿಲಿಗ್ರಾಂ, 65 ದಾಟಿದವರಿಗೆ 1, ಬಾಯಿಯ ಮೂಲಕ ಈಸ್ಟ್ರೊಜೆನ್ ಸೇವಿಸುವವರಿಗೆ 2. ದೇಹತೂಕಕ್ಕೆ ಅದರಲ್ಲಿ ಪಾತ್ರವಿಲ್ಲ. ಔಷಧದ ರೂಪ ಬದಲಾದರೂ 1997ರಲ್ಲಿ ನೆಲೆಗೊಂಡ ತತ್ತ್ವವೇ ಮುಂದುವರಿದಿದೆ.