ಪಶುಗಳ ಚರ್ಮವ್ರಣ: ಹಸ್ತಪ್ರತಿಯ ಪಾಠವೂ ಚಿಕಿತ್ಸಕನ ಹೊಣೆಯೂ

ಕನ್ನಡ ಶಾಸ್ತ್ರಸಾಹಿತ್ಯದಲ್ಲಿ ಪಶುವೈದ್ಯಕ್ಕೆ ಗೌರವದ ಸ್ಥಾನವಿದೆ. ಚಾಳುಕ್ಯ ತ್ರೈಲೋಕ್ಯಮಲ್ಲನ ಮಗನೂ ಆರನೆಯ ವಿಕ್ರಮಾದಿತ್ಯನ ಸೋದರನೂ ಆದ ಕೀರ್ತಿವರ್ಮನು 'ಗೋವೈದ್ಯ'ವನ್ನು ರಚಿಸಿದನು. 'ಕರ್ಣಾಟಕ ಕವಿಚರಿತೆ'ಯು ಆತನ ಕಾಲವನ್ನು ಸುಮಾರು ಕ್ರಿ.ಶ. ೧೧೨೫ ಎಂದು ಗಣಿಸಿದೆ. ಸುಮಾರು ೧೪೦೦ರಲ್ಲಿ ಅಭಿನವಚಂದ್ರನು ಅಶ್ವವೈದ್ಯವನ್ನು ಕುರಿತು ಬರೆದನು. ಇಬ್ಬರೂ ಜೈನರು. ಅರಸುಮನೆತನದವನೊಬ್ಬನು ದನಗಳ ರೋಗಗಳಿಗೆ ಮದ್ದು ಹೇಳುವ ಕೃತಿಯನ್ನು ರಚಿಸಿದನೆಂಬುದೇ ಆ ವಿದ್ಯೆಗಿದ್ದ ಮನ್ನಣೆಯನ್ನು ತಿಳಿಸುತ್ತದೆ. ಇಂತಹ ಗ್ರಂಥಗಳನ್ನು ಇಂದು ಓದುವಾಗ, ಪರಿಷ್ಕರಿಸುವಾಗ, ಹೆಚ್ಚು ಎಚ್ಚರ ಬೇಕಾದ ಭಾಗ ಚರ್ಮರೋಗಗಳದು. ಹುಣ್ಣು ಕಣ್ಣಿಗೆ ಕಾಣುತ್ತದೆ; ಆದರೆ ಅದರ ಹೆಸರು ಓದುಗನನ್ನು ಸುಲಭವಾಗಿ ದಾರಿತಪ್ಪಿಸುತ್ತದೆ.

ಈ ಎಚ್ಚರಕ್ಕೆ ಆಧಾರವು ಮೈಸೂರಿನಲ್ಲಿಯೇ ದೊರೆತಿದೆ. ೧೮೯೧ರಲ್ಲಿ ಸ್ಥಾಪನೆಯಾದ ಇಲ್ಲಿನ ಪ್ರಾಚ್ಯ ಪುಸ್ತಕಾಲಯದಲ್ಲಿ ಆರ್. ಶಾಮಾಶಾಸ್ತ್ರಿಗಳು ೧೯೦೫ರಲ್ಲಿ ಕೌಟಿಲ್ಯನ 'ಅರ್ಥಶಾಸ್ತ್ರ'ದ ಓಲೆಪ್ರತಿಯನ್ನು ಗುರುತಿಸಿ, ೧೯೦೯ರಲ್ಲಿ ಪ್ರಕಟಿಸಿದರು. ಅದರ ಅಶ್ವಾಧ್ಯಕ್ಷ ಪ್ರಕರಣದಲ್ಲಿ ಒಂದು ವಿಧಿಯಿದೆ. ಚಿಕಿತ್ಸೆಯ ಅಥವಾ ಔಷಧದ ಲೋಪದಿಂದ ಕುದುರೆಯ ರೋಗವು ಉಲ್ಬಣಿಸಿದರೆ ಚಿಕಿತ್ಸೆಯ ವೆಚ್ಚದ ಎರಡರಷ್ಟು ದಂಡ. ಆ ದೋಷದಿಂದ ಪ್ರಾಣಿಯೇ ಕೆಟ್ಟರೆ ಅದರ ಬೆಲೆಯಷ್ಟು ದಂಡ. ಹಸು, ಎಮ್ಮೆ, ಕತ್ತೆ, ಒಂಟೆ, ಆಡು, ಕುರಿಗಳಿಗೂ ಇದೇ ನಿಯಮವೆಂದು ಗ್ರಂಥಕಾರನು ವಿಸ್ತರಿಸಿದ್ದಾನೆ. ಮಾತು ಬಾರದ ಪ್ರಾಣಿಯ ಪರವಾಗಿ ಶಾಸ್ತ್ರವು ಚಿಕಿತ್ಸಕನನ್ನು ಹೊಣೆಗಾರನನ್ನಾಗಿ ಮಾಡಿತು. ಮದ್ದಿನ ಪಾಠವನ್ನು ಮುದ್ರಿಸುವವನೂ ಒಂದು ಅರ್ಥದಲ್ಲಿ ಆ ಹೊಣೆಯಲ್ಲಿ ಪಾಲುಗಾರನೇ.

ಹೆಸರುಗಳ ವಿಚಾರವನ್ನು ನೋಡಬಹುದು. ಆಯುರ್ವೇದದಲ್ಲಿ 'ಕುಷ್ಠ'ವೆಂಬುದು ಹದಿನೆಂಟು ಬಗೆಯ ಚರ್ಮವಿಕಾರಗಳಿಗೆ ಸಮಾನವಾದ ಹೆಸರು. ಪಾಮಾ, ವಿಚರ್ಚಿಕಾ ಮೊದಲಾದುವು ಅದರಲ್ಲಿ ಅಡಕವಾಗಿವೆ. ಅದಕ್ಕೆ ತೊನ್ನು ಎಂದಾಗಲಿ ಕುಷ್ಠರೋಗವೆಂದಾಗಲಿ ಒಂದೇ ಅರ್ಥವನ್ನು ಕೊಟ್ಟರೆ ಮೂಲಕ್ಕೆ ಅನ್ಯಾಯವಾಗುತ್ತದೆ. ಕಜ್ಜಿ, ತುರಿ, ಕುರು, ಹುಣ್ಣು ಎಂಬ ದೇಶ್ಯಪದಗಳೂ ಲಕ್ಷಣವನ್ನು ಹೇಳುತ್ತವೆಯೇ ಹೊರತು ಕಾರಣವನ್ನಲ್ಲ. ಇಂದಿನ ವಿಜ್ಞಾನವು ಕಾರಣಗಳನ್ನು ಬಿಡಿಸಿ ತೋರಿಸಿದೆ. ಕಜ್ಜಿಗೆ ಸೂಕ್ಷ್ಮವಾದ ಹುಳು ಕಾರಣ, ಗಜಕರ್ಣಕ್ಕೆ ಶಿಲೀಂಧ್ರ. ಕೀವುಗುಳ್ಳೆಗಳಿಗೆ ಬಹುಮಟ್ಟಿಗೆ ಬ್ಯಾಕ್ಟೀರಿಯಾಗಳು ಕಾರಣ. ಕೀವಿನಲ್ಲಿ ಅವುಗಳ ಗೊಂಚಲನ್ನು ೧೮೮೦ರಲ್ಲಿ ಅಲೆಕ್ಸಾಂಡರ್ ಆಗ್‌ಸ್ಟನ್ ತೋರಿಸಿ, ಮುಂದೆ ಅವಕ್ಕೆ ಸ್ಟೆಫಿಲೊಕಾಕಸ್ ಎಂಬ ಹೆಸರನ್ನಿತ್ತನು. ಮಳೆಗಾಲದಲ್ಲಿ ದನ, ಕುದುರೆಗಳ ಬೆನ್ನಿನ ಮೇಲೆ ಕೂದಲು ಅಂಟಿಕೊಂಡು ಹಕ್ಕಳೆಗಟ್ಟುವ ರೋಗಕ್ಕೆ ಡರ್ಮಟೊಫಿಲಸ್ ಎಂಬ ಬ್ಯಾಕ್ಟೀರಿಯಾ ಕಾರಣ. ೧೯೧೫ರಲ್ಲಿ ಕಾಂಗೋ ದೇಶದ ದನಗಳಲ್ಲಿ ಅದನ್ನು ಮೊದಲು ವರ್ಣಿಸಲಾಯಿತು. ೨೦೨೨ರಲ್ಲಿ ಕರ್ನಾಟಕದ ದನಗಳನ್ನು ಪೀಡಿಸಿದ ಚರ್ಮಗಂಟು ರೋಗವಾದರೋ ವೈರಸ್ಸಿನದು. ಅದರ ಗಂಟು ಒಡೆದ ಮೇಲೆ ಬ್ಯಾಕ್ಟೀರಿಯಾ ಸೇರಿ ಕೀವಾಗಬಹುದು. ಆದರೂ ಮೂಲರೋಗ ಬೇರೆ. ಮೇಲ್ನೋಟಕ್ಕೆ ಒಂದೇ ತೆರನಾಗಿ ಕಾಣುವ ಇವುಗಳ ಚಿಕಿತ್ಸೆ ಒಂದೇ ಆಗಲಾರದು.

ಈ ಸಂದರ್ಭದಲ್ಲಿ, ಆಗಮಗಳಲ್ಲಿ ಬರುವ ನಿಗೋದ ಜೀವಗಳೇ ಇಂದಿನ ಬ್ಯಾಕ್ಟೀರಿಯಾಗಳೆಂದು ಹೇಳುವ ಉತ್ಸಾಹವು ಕೆಲವೊಮ್ಮೆ ಕಂಡುಬರುತ್ತದೆ. ನಿಗೋದವು ಏಕೇಂದ್ರಿಯ ಜೀವರಾಶಿಯನ್ನು ಕುರಿತ ತತ್ತ್ವವಿಚಾರ. ವೈದ್ಯಗ್ರಂಥಗಳು ರೋಗವನ್ನು ವಾತ, ಪಿತ್ತ, ಕಫಗಳ ಪ್ರಕೋಪದಿಂದ ವಿವರಿಸುತ್ತವೆ. ಎರಡನ್ನೂ ಬೆರೆಸಿದರೆ ಆಗಮಕ್ಕೂ ವಿಜ್ಞಾನಕ್ಕೂ ಪ್ರಯೋಜನವಿಲ್ಲ.

ಜೈನಶಾಸ್ತ್ರದ ನಿಜವಾದ ಕೊಡುಗೆಯನ್ನು ಬೇರೆಡೆ ಕಾಣಬೇಕು. 'ತತ್ತ್ವಾರ್ಥಸೂತ್ರ'ವು ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ: ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಛೇದಿಸುವುದು, ಅತಿಯಾದ ಭಾರವನ್ನು ಹೇರುವುದು, ಅನ್ನಪಾನಗಳನ್ನು ತಡೆಯುವುದು. ಪಶುವಿನ ಮೈಮೇಲೆ ಇವನ್ನು ಹುಡುಕಿದರೆ ಒಂದೊಂದೂ ಗುರುತು ಬಿಟ್ಟಿರುತ್ತದೆ. ಹಗ್ಗ ಬಿಗಿದ ಕೊರಳು, ಚಾಟಿಯ ಬಾಸುಂಡೆ, ಮೂಗುದಾರದ ಗಾಯ, ನೊಗ ಉಜ್ಜಿದ ಹೆಗಲುಹುಣ್ಣು ಇವೇ ಬ್ಯಾಕ್ಟೀರಿಯಾ ಒಳಹೊಗುವ ಬಾಗಿಲುಗಳು. ಅರೆಹೊಟ್ಟೆಯ ಪ್ರಾಣಿಯಲ್ಲಿ ರೋಗವನ್ನು ತಡೆಯುವ ಬಲವೂ ಕುಂದುತ್ತದೆ. ಆರೋಗ್ಯವಂತ ಚರ್ಮವು ಸೋಂಕನ್ನು ಬಹುಮಟ್ಟಿಗೆ ತಾನೇ ತಡೆಯುತ್ತದೆ. ಆದುದರಿಂದ ಅತಿಚಾರವನ್ನು ಬಿಟ್ಟ ಒಡೆಯನು ಚಿಕಿತ್ಸೆಯ ಅರ್ಧಭಾಗವನ್ನು ಮೊದಲೇ ಮಾಡಿರುತ್ತಾನೆ.

ಇನ್ನು ಮದ್ದಿನ ವಿಚಾರ. ಉಗ್ರಾದಿತ್ಯನ ಸಂಸ್ಕೃತ 'ಕಲ್ಯಾಣಕಾರಕ'ವು ೧೯೪೦ರಲ್ಲಿ ಸೊಲ್ಲಾಪುರದಲ್ಲಿ ಮುದ್ರಿತವಾಯಿತು. ಅದರಲ್ಲಿಯೂ, ಹನ್ನೆರಡನೆಯ ಶತಮಾನದ ಸೋಮನಾಥನು ಪೂಜ್ಯಪಾದರ ಕೃತಿಯನ್ನು ಅನುಸರಿಸಿ ಬರೆದ ಕನ್ನಡ 'ಕಲ್ಯಾಣಕಾರಕ'ದಲ್ಲಿಯೂ ಮದ್ಯಮಾಂಸಗಳಿಗೆ ಎಡೆಯಿಲ್ಲ. ಸೋಮನಾಥನು ಮಧುವನ್ನೂ ವರ್ಜಿಸಿದ್ದಾನೆ. ವ್ರಣಕ್ಕೆ ಜೇನನ್ನು ಬಳಸುವುದು ಇತರ ವೈದ್ಯಗ್ರಂಥಗಳಲ್ಲಿ ಸಾಮಾನ್ಯ. ಜೈನ ವೈದ್ಯಪ್ರತಿಯೊಂದರಲ್ಲಿ ಜೇನು ಕಂಡುಬಂದರೆ ಅದು ಮೂಲಪಾಠವೋ, ಲಿಪಿಕಾರನ ಸೇರ್ಪಡೆಯೋ ಎಂಬುದನ್ನು ಪರಿಶೀಲಿಸಬೇಕಾಗುತ್ತದೆ. ಅದಕ್ಕಿಂತ ಗಂಭೀರವಾದುದು ಪ್ರಮಾಣದ ಪ್ರಶ್ನೆ. ನಾಲ್ಕು ಕರ್ಷಗಳಿಗೆ ಒಂದು ಪಲ. ಒಂದು ಪದ ಪಲ್ಲಟವಾದರೆ ಮದ್ದು ನಾಲ್ಮಡಿಯಾಗುತ್ತದೆ. ಬೇವು, ಅರಿಸಿನಗಳಲ್ಲಿ ಇದು ಅಷ್ಟು ಬಾಧಕವಾಗದಿರಬಹುದು. ಹರಿದಾಳ, ಮನಶ್ಶಿಲೆಗಳು ಪಾಷಾಣದ ಅಂಶವುಳ್ಳವು; ಮೈಲುತುತ್ತವೂ ವಿಷವೇ. ಹಸುವು ತನ್ನ ಹುಣ್ಣನ್ನು ನೆಕ್ಕುವ ಸ್ವಭಾವದ್ದಾದುದರಿಂದ ಲೇಪಿಸಿದ ವಿಷವು ಹೊಟ್ಟೆಯನ್ನೇ ಸೇರುತ್ತದೆ. ಕಾವ್ಯದಲ್ಲಿ ಪಾಠದೋಷವು ಅರ್ಥವನ್ನು ಕೆಡಿಸುತ್ತದೆ. ಇಲ್ಲಿ ಅದು ಪ್ರಾಣವನ್ನೇ ತೆಗೆಯಬಹುದು.

ಇಂದಿನ ಚಿಕಿತ್ಸಾಕ್ರಮದಲ್ಲಿ ಗಾಯದ ಸುತ್ತಲಿನ ಕೂದಲನ್ನು ಕತ್ತರಿಸಿ, ಹಕ್ಕಳೆಯನ್ನು ನೆನೆಸಿ ತೆಗೆದು, ಕ್ರಿಮಿನಾಶಕ ದ್ರಾವಣದಿಂದ ತೊಳೆದು, ಪ್ರಾಣಿಯನ್ನು ಒಣಗಿದ ಕೊಟ್ಟಿಗೆಯಲ್ಲಿ ಇಡುತ್ತಾರೆ. ಸೋಂಕು ಆಳವಾಗಿದ್ದರೆ ಪಶುವೈದ್ಯರು ಕೀವನ್ನು ಪರೀಕ್ಷಿಸಿ ತಕ್ಕ ಪ್ರತಿಜೀವಕವನ್ನು ಆರಿಸುತ್ತಾರೆ. ಅದನ್ನು ಹೇಳಿದಷ್ಟು ದಿನ ಪೂರ್ತಿಯಾಗಿ ಕೊಡಬೇಕು. ಗೊತ್ತುಪಡಿಸಿದ ಅವಧಿಯ ಹಾಲನ್ನು ಬಳಸಬಾರದು. ಅವಿಚಾರದಿಂದ ಬಳಸಿದ ಪ್ರತಿಜೀವಕಕ್ಕೆ ಬ್ಯಾಕ್ಟೀರಿಯಾಗಳು ಮಣಿಯದಂತಾಗುವುದು ಇಂದು ಮನುಷ್ಯರನ್ನೂ ಕಾಡುತ್ತಿರುವ ಕಷ್ಟ. ಶುಚಿತ್ವ, ಒಣಹವೆ, ವಿಶ್ರಾಂತಿಗಳ ಮಹತ್ವವನ್ನು ಹಳೆಯ ವೈದ್ಯರೂ ಅರಿತಿದ್ದರು. ಪ್ರತಿಜೀವಕವು ಮಾತ್ರ ಹೊಸ ಕಾಲದ್ದು.

ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿಯೂ ಮಾನಸಗಂಗೋತ್ರಿಯ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆಯಲ್ಲಿಯೂ ಹಸ್ತಪ್ರತಿಗಳ ದೊಡ್ಡ ಭಂಡಾರಗಳಿವೆ. ಪಶುವೈದ್ಯದ ಪ್ರತಿಗಳನ್ನು ಪರಿಷ್ಕರಿಸುವ ಪಂಡಿತನು ರೋಗನಾಮದೊಡನೆ ಲಕ್ಷಣವನ್ನೂ, ಪ್ರಮಾಣದೊಡನೆ ಪಾಠಾಂತರವನ್ನೂ, ವಿಷದ್ರವ್ಯದೊಡನೆ ಎಚ್ಚರಿಕೆಯನ್ನೂ ಕೊಡುವುದು ಅವಶ್ಯಕ. ಪಶುವೈದ್ಯನೊಬ್ಬನನ್ನು ಬಳಿಯಲ್ಲಿ ಕೂರಿಸಿಕೊಂಡು ಈ ಕೆಲಸವನ್ನು ನಡೆಸಿದರೆ, ಕೀರ್ತಿವರ್ಮನು ದನಗಳ ಹಿತಕ್ಕಾಗಿ ರಚಿಸಿದ ಕೃತಿಯಿಂದ ಯಾವ ದನಕ್ಕೂ ಕೇಡಾಗದು.