ಕನ್ನಡ ತಂತ್ರಾಂಶ ಭಂಡಾರ: ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹಿನ್ನೆಲೆಯಲ್ಲಿ

ಆಳಂದ, ಅಫಜಲಪುರ ಹಾಗೂ ಜೇವರ್ಗಿ ತಾಲ್ಲೂಕುಗಳು 1948ರವರೆಗೆ ನಿಜಾಮರ ಹೈದರಾಬಾದು ಸಂಸ್ಥಾನದಲ್ಲಿದ್ದವು. ಅಲ್ಲಿನ ಆಡಳಿತ ಭಾಷೆ ಉರ್ದು. 1956ರ ನವೆಂಬರ್ 1ರಂದು ಗುಲಬರ್ಗಾ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು. ಕ್ರಮೇಣ ಕಚೇರಿಯ ಕಡತ ಕನ್ನಡಕ್ಕೆ ತಿರುಗಿತು. ಆದುದರಿಂದ ಈ ಭಾಗದಲ್ಲಿ ಗಣಕೀಕರಣವು ಭಾಷೆಯ ಪ್ರಶ್ನೆಯೂ ಆಗಿತ್ತು.

‘ಭೂಮಿ’ ಯೋಜನೆಯಡಿ 2002ರ ಹೊತ್ತಿಗೆ ರಾಜ್ಯದ ತಾಲ್ಲೂಕು ಕಚೇರಿಗಳಲ್ಲಿ ಗಣಕೀಕೃತ ಪಹಣಿ ದೊರೆಯತೊಡಗಿತು. ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ ‘ಬರಹ’ವೂ, ಸರ್ಕಾರದ ಬೆಂಬಲದಿಂದ ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ಯೂ ಅಂತರಜಾಲದಿಂದ ಉಚಿತವಾಗಿ ಇಳಿಸಿಕೊಳ್ಳಲು ಒದಗಿದವು. ದೂರದ ತಾಲ್ಲೂಕುಗಳಿಗೂ ಕನ್ನಡ ತಂತ್ರಾಂಶ ತಲುಪುವ ದಾರಿ ಇದರಿಂದ ತೆರೆಯಿತು.

ಆದರೆ ಇಂತಹ ಭಂಡಾರವನ್ನು ಸ್ಥಾಪಿಸುವುದಕ್ಕಿಂತ ನಿರ್ವಹಿಸುವುದು ಕಠಿಣ. ಯುನಿಕೋಡ್ 1991ರಲ್ಲಿಯೇ ಕನ್ನಡಕ್ಕೆ ಸ್ಥಾನ ನೀಡಿದ್ದರೂ ಅದರ ಬಳಕೆ ತಡವಾಯಿತು. ಹಳೆಯ ಫಾಂಟುಗಳು ತಮ್ಮದೇ ಸಂಕೇತಗಳನ್ನು ಅನುಸರಿಸುತ್ತಿದ್ದವು. ಆ ಫಾಂಟು ಇಲ್ಲದ ಗಣಕದಲ್ಲಿ ಕನ್ನಡ ಕಡತವು ರೋಮನ್ ಅಕ್ಷರ ಮತ್ತು ಚಿಹ್ನೆಗಳ ರಾಶಿಯಾಗಿ ತೋರುತ್ತದೆ. ಉರ್ದು ದಫ್ತರವನ್ನು ಓದಲು ಆ ಲಿಪಿ ಬಲ್ಲವರು ಬೇಕಾಗುವಂತೆ, ಈ ಕಡತಗಳಿಗೆ ಅವುಗಳ ಕಾಲದ ತಂತ್ರಾಂಶ ಅಗತ್ಯ. ಆದ್ದರಿಂದ ಹೊಸ ಆವೃತ್ತಿ ಬಂದಾಗ ಹಳೆಯದನ್ನು ಅಳಿಸದೆ, ಆವೃತ್ತಿ ಸಂಖ್ಯೆ, ದಿನಾಂಕ, ಫಾಂಟು ಹಾಗೂ ಪರಿವರ್ತಕಗಳೊಡನೆ ಕಾಪಿಡುವುದು ಭಂಡಾರದ ಮೊದಲ ಹೊಣೆಯಾಗಿದೆ.